ಬಟ್ಟೆ ಆರಿಸೋ ಹಕ್ಕು ಎಷ್ಟನೇ ವಯಸ್ಸಿಗೆ ಬರುತ್ತೆ? ಆಟಿಸಂ ಇರುವ ಮಕ್ಕಳು, ಯೂನಿಫಾರ್ಮ್ ಮತ್ತು ಕಾರವಾರದ ಮಳೆಗಾಲ

ಜೂನ್ ತಿಂಗಳಲ್ಲಿ ಕರಾವಳಿಗೆ ಎರಡು ಒಟ್ಟಿಗೇ ಬರುತ್ತವೆ, ಮಳೆ ಮತ್ತು ಶಾಲೆ. ಕಾರವಾರ, ಅಂಕೋಲಾ ಕಡೆಯ ಮನೆಗಳಲ್ಲಿ ಆಗ ಬೆಳಗಿನ ಅರ್ಧ ಗಂಟೆ ಬಟ್ಟೆಯದ್ದೇ ಗಲಾಟೆ. ಒಗೆದದ್ದು ಒಣಗಿಲ್ಲ, ಒಣಗಿದ್ದಕ್ಕೆ ಮುಗ್ಗಲು ವಾಸನೆ, ಇಸ್ತ್ರಿ ಹಾಕೋಣ ಅಂದ್ರೆ ಕರೆಂಟಿಲ್ಲ. ಇದು ಎಲ್ಲರ ಮನೆಯ ಕತೆ. ಆದರೆ ಆಟಿಸಂ ಇರುವ ನಾಲ್ಕೈದು ವರ್ಷದ ಮಗು ಇರುವ ಮನೆಯಲ್ಲಿ ಈ ಅರ್ಧ ಗಂಟೆ ಬೇರೆಯೇ ತರಹದ್ದು. ಹೊಸ ಅಂಗಿ ಕುತ್ತಿಗೆಗೆ ತಾಗಿದ ಕೂಡಲೇ ಮಗು ಕಿರುಚುತ್ತೆ, ಕಿತ್ತು ಎಸೆಯುತ್ತೆ, ನೆಲಕ್ಕೆ ಬಿದ್ದು ಹೊರಳಾಡುತ್ತೆ. ಒಬ್ಬರು ಕೈ ಹಿಡಿದುಕೊಳ್ಳುತ್ತಾರೆ, ಇನ್ನೊಬ್ಬರು ಗುಂಡಿ ಹಾಕುತ್ತಾರೆ. ಅಷ್ಟರಲ್ಲಿ ಆಟೋ ಬಂದು ಹಾರ್ನ್ ಹೊಡೆಯುತ್ತೆ. ಪಕ್ಕದ ಮನೆಯವರು "ಎಂಥಾ ಹಠ ಮಾರಾಯ್ತಿ, ಎರಡು ಕೊಡು" ಅಂತಾರೆ.

ಈ ಬರಹ ಆ 'ಹಠ'ದ ಬಗ್ಗೆ. ಆಟಿಸಂ ಇರುವ ಚಿಕ್ಕ ಮಗು ತಾನು ಏನು ಹಾಕಿಕೊಳ್ಳಬೇಕು ಅನ್ನೋದನ್ನ ತಾನೇ ಆರಿಸಿಕೊಳ್ಳಬಹುದೇ, ಆರಿಸಿಕೊಂಡರೆ ಏನಾಗುತ್ತೆ, ಕಾನೂನು ಏನು ಹೇಳುತ್ತೆ, ಶಾಲೆ ಒಪ್ಪದಿದ್ದರೆ ಏನು ಮಾಡೋದು, ಇವಿಷ್ಟು ವಿಷಯ. ಮನೆಯೊಳಗಿನ ಸಣ್ಣ ಸಂಗತಿ, ಇದರಲ್ಲಿ ರಾಜಕೀಯ ಎಲ್ಲಿಂದ ಬಂತು ಅಂತ ಕೇಳುವವರು ಸ್ವಲ್ಪ ತಾಳಿ. ಮಕ್ಕಳ ಬಟ್ಟೆಯ ವಿಷಯಕ್ಕೆ ಕರ್ನಾಟಕ ಸುಪ್ರೀಂ ಕೋರ್ಟಿನವರೆಗೆ ಹೋಗಿಬಂದಿದೆ.

ಹಠ ಅಲ್ಲ, ಚರ್ಮ

ಆಟಿಸಂ ಅಂದರೆ ಮಾತು ತಡ, ಕಣ್ಣಲ್ಲಿ ಕಣ್ಣಿಟ್ಟು ನೋಡೋದಿಲ್ಲ, ಒಂದೇ ಆಟ ಪದೇ ಪದೇ ಆಡುತ್ತೆ, ಇಷ್ಟು ಈಗ ಬಹಳ ಜನಕ್ಕೆ ಗೊತ್ತಿದೆ. ಲಿಯೋ ಕ್ಯಾನರ್ ಅನ್ನುವ ವೈದ್ಯ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಶುರುವಾದ ಚರ್ಚೆ ದಶಕಗಳ ಕಾಲ ಇದರ ಸುತ್ತಲೇ ಸುತ್ತಿತು. ಶಬ್ದ, ಬೆಳಕು, ವಾಸನೆ, ಸ್ಪರ್ಶಕ್ಕೆ ಈ ಮಕ್ಕಳು ವಿಪರೀತವಾಗಿ, ಇಲ್ಲವೇ ವಿಪರೀತ ಕಡಿಮೆ ಸ್ಪಂದಿಸುತ್ತಾರೆ ಅನ್ನೋದು ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಲೆಕ್ಕ ಹಾಕಿ, 70 ವರ್ಷ. ಅಷ್ಟೂ ವರ್ಷ ಮಕ್ಕಳು ಅಂಗಿ ಕಿತ್ತೆಸೆಯುತ್ತಲೇ ಇದ್ದರು.

ನಮ್ಮ ನಿಮ್ಮ ಚರ್ಮ ಒಂದು ಚಾಲಾಕಿ ಕೆಲಸ ಮಾಡುತ್ತೆ. ಬೆಳಗ್ಗೆ ಅಂಗಿ ಹಾಕಿಕೊಂಡ ಮೇಲೆ ಎರಡು ನಿಮಿಷಕ್ಕೆ ಅದು ಮೈಮೇಲಿದೆ ಅನ್ನೋದೇ ಮರೆತುಹೋಗುತ್ತೆ. ನರಗಳು ಸುದ್ದಿ ಕಳಿಸುತ್ತಿದ್ದರೂ ಮಿದುಳು 'ಇದು ಮುಖ್ಯ ಅಲ್ಲ' ಅಂತ ಪಕ್ಕಕ್ಕಿಡುತ್ತೆ. ಆಟಿಸಂ ಇರುವ ಅನೇಕರಲ್ಲಿ ಹೀಗೆ ಪಕ್ಕಕ್ಕಿಡುವ ಕೆಲಸ ಸರಿಯಾಗಿ ನಡೆಯೋದಿಲ್ಲ. ಕೊರಳಪಟ್ಟಿಯ ಹಿಂದಿನ ಲೇಬಲ್ ಬೆಳಗ್ಗೆ ಎಂಟಕ್ಕೆ ಚುಚ್ಚಿದ ಹಾಗೇ ಮಧ್ಯಾಹ್ನ ಮೂರಕ್ಕೂ ಚುಚ್ಚುತ್ತಿರುತ್ತೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಆಟಿಸಂ ಇರುವವರು. ಬಾಲ್ಯದಲ್ಲಿ ಚರ್ಚಿಗೆ ಹೋಗುವಾಗ ತೊಡಿಸುತ್ತಿದ್ದ ಗರಿಗರಿ ಒಳಲಂಗ ಎಷ್ಟು ಹಿಂಸೆ ಕೊಡುತ್ತಿತ್ತು ಅನ್ನೋದನ್ನ ಅವರು ಮತ್ತೆ ಮತ್ತೆ ಬರೆದಿದ್ದಾರೆ. ಅದೇ ಗ್ರ್ಯಾಂಡಿನ್ ಹರೆಯದಲ್ಲಿ ತನ್ನನ್ನೇ ಗಟ್ಟಿಯಾಗಿ ಒತ್ತಿಹಿಡಿಯುವ ಒಂದು ಯಂತ್ರ ಕಟ್ಟಿಕೊಂಡಿದ್ದರು. ಮೆಲ್ಲಗೆ ತರಚುವ ಸ್ಪರ್ಶ ಸಹಿಸೋಕಾಗದವರಿಗೆ ಗಟ್ಟಿ ಒತ್ತಡ ನೆಮ್ಮದಿ ಕೊಡಬಹುದು. ಅದಕ್ಕೇ ಕೆಲವು ಮಕ್ಕಳಿಗೆ ದೊಗಳೆ ಬನಿಯನ್ನೇ ಬೇಕು, ಕೆಲವರಿಗೆ ಎರಡು ಸೈಜು ಚಿಕ್ಕದಾದ ಬಿಗಿ ಟೀಶರ್ಟೇ ಬೇಕು. 'ಆಟಿಸಂ ಮಕ್ಕಳಿಗೆ ಇಂಥದ್ದೇ ಬಟ್ಟೆ' ಅಂತ ಒಂದು ಪಟ್ಟಿ ಕೊಡೋಕೆ ಆಗದಿರುವುದು ಇದಕ್ಕೇ. ಆ ಮೈಯೊಳಗೆ ಏನು ನಡೀತಿದೆ ಅನ್ನೋದು ಆ ಮಗುವಿಗೆ ಮಾತ್ರ ಗೊತ್ತು. ಆಯ್ಕೆಯನ್ನ ಮಗುವಿಗೆ ಬಿಡಬೇಕು ಅನ್ನೋದಕ್ಕೆ ಮೊದಲ ಕಾರಣ ಮಾಹಿತಿ ಅದರ ಹತ್ತಿರ ಇದೆ ಅನ್ನೋದು. ಮುದ್ದು, ಕರುಣೆ ಎಲ್ಲ ಆಮೇಲಿನ ಮಾತು.

ಇಂಜಿನಿಯರಿಂಗ್ ಓದಿದ ಚಾಳಿ, ಒಂದು ಅಂಕಿ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಹತ್ತಿ ಗಾಳಿಯಿಂದ ತನ್ನ ತೂಕದ ಸುಮಾರು ಶೇ 8ರಷ್ಟು ತೇವ ಹೀರಿ ಇಟ್ಟುಕೊಳ್ಳುತ್ತೆ, ಪಾಲಿಯೆಸ್ಟರ್ ಶೇ 0.4ರಷ್ಟು. ಅಂದರೆ ಬೆವರು ಹೊರಟರೆ ಹತ್ತಿ ಕುಡಿಯುತ್ತೆ, ಪಾಲಿಯೆಸ್ಟರ್ ಚರ್ಮಕ್ಕೂ ತನಗೂ ನಡುವೆ ಅದನ್ನ ನಿಲ್ಲಿಸಿಬಿಡುತ್ತೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ, ಮಳೆ ಇಲ್ಲದ ದಿನವೂ ಬೆವರು ಆರದ ಊರಿನಲ್ಲಿ ಟೆರಿಕಾಟ್ ಅಂಗಿ ಹಾಕಿ, ಮೇಲಿನ ಗುಂಡಿ ಬಿಗಿದು, ಅದರ ಮೇಲೊಂದು ಟೈ ಕಟ್ಟಿ ಮೂರೂವರೆ ವರ್ಷದ ಮಗುವನ್ನ ಎಲ್‌ಕೆಜಿಗೆ ಕಳಿಸುತ್ತೇವೆ. ಲಂಡನ್ನಿನ ಚಳಿಗೆ ಹುಟ್ಟಿದ ಉಡುಪು ಅರಬ್ಬೀ ಸಮುದ್ರದ ದಂಡೆಯಲ್ಲಿ. ಆಟಿಸಂ ಇಲ್ಲದ ಮಕ್ಕಳೂ ಅದನ್ನ ಸಹಿಸಿಕೊಳ್ಳುತ್ತಿದ್ದಾರೆ ಅಷ್ಟೇ. ಆಟಿಸಂ ಇರುವ ಮಗು ಸಹಿಸೋದಿಲ್ಲ ಅಂತ ಹೇಳುತ್ತೆ.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಆಟಿಸಂಗೆ 'ಸ್ವಲೀನತೆ' ಅನ್ನುವ ಪದ ಚಾಲ್ತಿಯಲ್ಲಿದೆ, ತನ್ನಲ್ಲೇ ಲೀನ ಆಗಿರೋದು ಅಂತ. ನನಗೆ ಅದು ಒಗ್ಗೋದಿಲ್ಲ. ಲೇಬಲ್ ಚುಚ್ಚುತ್ತೆ ಅಂತ ಊರು ಕೇಳುವಂತೆ ಕಿರುಚುವ ಮಗುವನ್ನ 'ತನ್ನಲ್ಲೇ ಲೀನ' ಅನ್ನೋದು ಹೇಗೆ? ಅದು ಹೊರಗಿನ ಲೋಕವನ್ನ ನಮಗಿಂತ ಜಾಸ್ತಿ ಅನುಭವಿಸುತ್ತಿದೆ. ಬ್ರಿಟನ್ನಿನ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವವರು, 2012ರಲ್ಲಿ ಇದನ್ನ ಇನ್ನೊಂದು ರೀತಿ ಹೇಳಿದರು: ಅರ್ಥ ಆಗದೇ ಇರೋದು ಎರಡೂ ಕಡೆಯದ್ದು, ಅವರಿಗೆ ನಾವು ಅರ್ಥ ಆಗೋದಿಲ್ಲ ಅನ್ನೋದು ಎಷ್ಟು ನಿಜವೋ ನಮಗೆ ಅವರು ಅರ್ಥ ಆಗೋದಿಲ್ಲ ಅನ್ನೋದೂ ಅಷ್ಟೇ ನಿಜ.

ಇಂಥ ಮಕ್ಕಳು ಎಷ್ಟಿದ್ದಾರೆ? 2011ರ ಜನಗಣತಿ ಎಂಟು ಬಗೆಯ ಅಂಗವೈಕಲ್ಯ ಎಣಿಸಿತು, ಅದರಲ್ಲಿ ಆಟಿಸಂ ಇರಲಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನ ಪರೀಕ್ಷಿಸಿ, ನೂರಕ್ಕೆ ಒಬ್ಬರ ಆಸುಪಾಸು ಅಂತ ಹೇಳಿತು. ಆ ಐದರಲ್ಲಿ ಒಂದು ಉತ್ತರ ಗೋವಾ. ಕಾರವಾರದಿಂದ ಪಣಜಿಗೆ ನೂರು ಕಿಲೋಮೀಟರ್. ಆ ಲೆಕ್ಕ ನಮ್ಮ ಕಡೆಗೂ ಹೊಂದುತ್ತೆ ಅಂತಿಟ್ಟುಕೊಂಡರೆ, ಮುನ್ನೂರು ಮಕ್ಕಳ ಶಾಲೆಯಲ್ಲಿ ಮೂವರು ಇರಬೇಕು. ಇಲ್ಲ ಅಂತಾದರೆ ಅವರೆಲ್ಲ ಎಲ್ಲಿ, ಮನೆಯಲ್ಲೇ ಉಳಿದರೇ ಅಂತ ಕೇಳಬೇಕು.

'ಯಾವುದು ಬೇಕು ಪುಟ್ಟಾ?' ಅಂದರೆ ಸಾಲದು

ಆಯ್ಕೆ ಕೊಡಿ ಅಂದ ತಕ್ಷಣ ಕಪಾಟಿನ ಬಾಗಿಲು ತೆಗೆದು 'ಯಾವುದು ಬೇಕೋ ತಗೋ' ಅನ್ನೋದಲ್ಲ. ಇಪ್ಪತ್ತು ಬಟ್ಟೆ ಒಟ್ಟಿಗೆ ಕಂಡರೆ ಈ ಮಕ್ಕಳಲ್ಲಿ ಅನೇಕರು ಗಾಬರಿಯಾಗಿ ಅಲ್ಲೇ ನಿಂತುಬಿಡುತ್ತಾರೆ. ಎರಡು ಸಾಕು. ಎರಡನ್ನೂ ಕೈಯಲ್ಲಿ ಹಿಡಿದು ತೋರಿಸಬೇಕು, ಮುಟ್ಟಿ ನೋಡೋಕೆ ಬಿಡಬೇಕು. ಬಾಯಲ್ಲಿ ಹೇಳೋದಕ್ಕಿಂತ ವಸ್ತು ತೋರಿಸೋದು, ಇಲ್ಲವೇ ಅದರ ಫೋಟೋ ತೋರಿಸೋದು ಮೇಲು. ನೋಡಿದ್ದು, ಹಿಡಿದದ್ದು, ಮುಖ ತಿರುಗಿಸಿದ್ದು, ತಳ್ಳಿದ್ದು ಎಲ್ಲ ಉತ್ತರವೇ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಸಮಿತಿ 2005ರಲ್ಲೇ ತನ್ನ ಏಳನೇ ಸಾಮಾನ್ಯ ಟಿಪ್ಪಣಿಯಲ್ಲಿ ಹೇಳಿದ್ದು ಇದನ್ನೇ: ಮಾತು ಬರುವ ಮೊದಲೇ ಮಕ್ಕಳು ನಾನಾ ರೀತಿಯಲ್ಲಿ ತಮ್ಮ ಬೇಕು-ಬೇಡ ತಿಳಿಸುತ್ತಿರುತ್ತಾರೆ.

ಇಲ್ಲಿ ಒಂದು ಮೋಸ ಇದೆ, ತುಂಬ ಮನೆಗಳಲ್ಲಿ ಗಮನಕ್ಕೆ ಬರೋದಿಲ್ಲ. ಆಟಿಸಂ ಇರುವ ಹಲವು ಮಕ್ಕಳು ಕೇಳಿದ ಮಾತನ್ನ ಹಾಗೇ ತಿರುಗಿ ಹೇಳುತ್ತಾರೆ. "ಕೆಂಪು ಅಂಗಿಯಾ, ನೀಲಿ ಅಂಗಿಯಾ?" ಅಂದರೆ "ನೀಲಿ ಅಂಗಿಯಾ" ಅಂತಾರೆ. ಅಮ್ಮನಿಗೆ ಖುಷಿ, ಮಗು ಉತ್ತರ ಕೊಟ್ಟಿತು ಅಂತ. ಅದು ಉತ್ತರ ಅಲ್ಲದೇ ಇರಬಹುದು, ಕೊನೆಯ ಪದದ ಪ್ರತಿಧ್ವನಿ ಇರಬಹುದು. ನೀಲಿ ಹಾಕಿಸಿದಾಗ ಕಿತ್ತೆಸೆದರೆ "ನೀನೇ ತಾನೇ ಕೇಳಿದ್ದು!" ಅಂತ ಬೈಗುಳ. ಪತ್ತೆ ಹಚ್ಚೋದು ಸುಲಭ. ಮರುದಿನ "ನೀಲಿ ಅಂಗಿಯಾ, ಕೆಂಪು ಅಂಗಿಯಾ?" ಅಂತ ಕ್ರಮ ಬದಲಿಸಿ ಕೇಳಿ. ಎರಡು ಸಲವೂ ಕೊನೆಯದ್ದನ್ನೇ ಹೇಳಿದರೆ ಮಾತು ಬಿಟ್ಟು ಕೈಗೆ ಬಟ್ಟೆ ಕೊಡಿ.

ಇನ್ನೊಂದು, ಎರಡೂ ಬೇಡ ಅಂದರೆ ಅದಕ್ಕೂ ಜಾಗ ಇರಬೇಕು. 'ಇದು ಅಥವಾ ಅದು' ಮಾತ್ರ ಕೊಟ್ಟು 'ಬೇಡ' ಅನ್ನೋದನ್ನ ಕೊಡದಿದ್ದರೆ ಅದು ಆಯ್ಕೆ ಅಲ್ಲ. ಚುನಾವಣೆಯಲ್ಲಿ ನೋಟಾ ಕೇಳಿ ಪಡೆದ ದೇಶಕ್ಕೆ ಇದನ್ನ ವಿವರಿಸಬೇಕಾಗಿಲ್ಲ.

ಸಮಯವೂ ಮುಖ್ಯ. ಶಾಲೆಗೆ ಹೊರಡುವ ಹತ್ತು ನಿಮಿಷ ಮೊದಲು ಕೇಳಿದರೆ ಯಾವ ಮಗುವೂ ನೆಟ್ಟಗೆ ಆರಿಸೋದಿಲ್ಲ. ಹಿಂದಿನ ರಾತ್ರಿ ಊಟ ಆದ ಮೇಲೆ ಆರಿಸಿ, ಅದೇ ಜಾಗದಲ್ಲಿ ಮಡಚಿಟ್ಟರೆ ಬೆಳಗ್ಗೆ ಏನು ಬರುತ್ತೆ ಅನ್ನೋದು ಮಗುವಿಗೆ ಗೊತ್ತಿರುತ್ತೆ. ಮುಂದೆ ಏನಾಗುತ್ತೆ ಅನ್ನೋದು ಗೊತ್ತಿರೋದೇ ಈ ಮಕ್ಕಳಿಗೆ ಅರ್ಧ ನೆಮ್ಮದಿ. ಹಾಕಿಕೊಳ್ಳುವ ಕೆಲಸ ಕಲಿಸುವಾಗ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಹಿಂದಿನಿಂದ ಶುರುಮಾಡಿಸುತ್ತಾರೆ: ಚಡ್ಡಿಯನ್ನ ಮೊಣಕಾಲಿನವರೆಗೆ ನೀವು ಏರಿಸಿ, ಕೊನೆಯ ಎಳೆತ ಮಗು ಎಳೆಯಲಿ. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಕೆಲಸ ಮುಗಿಸಿದ ಖುಷಿ ಪ್ರತಿ ಸಲ ಮಗುವಿನದ್ದೇ ಆಗುತ್ತೆ.

ಸರಿ, ಮಗು ಒಂದೇ ಟೀಶರ್ಟ್ ಬೇಕು ಅಂತ ಕೂತರೆ? ಎಂಟು ತಿಂಗಳಿಂದ ಅದೇ ಹಳದಿ ಟೀಶರ್ಟ್, ತೋಳು ಹರಿದಿದೆ, ಚೌತಿಗೂ ಅದೇ, ಮದುವೆಮನೆಗೂ ಅದೇ. ಬಯಲುಸೀಮೆಯಲ್ಲಾದರೆ ರಾತ್ರಿ ಒಗೆದು ಬೆಳಗ್ಗೆ ಹಾಕಬಹುದು. ಜುಲೈ ತಿಂಗಳ ಕಾರವಾರದಲ್ಲಿ ಅದು ಮೂರು ದಿನಕ್ಕೂ ಒಣಗೋದಿಲ್ಲ. ಅಲ್ಲಿಗೆ ಈ ಆಯ್ಕೆ ಅನ್ನುವ ದೊಡ್ಡ ಮಾತು ಬಂದು ನಿಲ್ಲೋದು ಅಡುಗೆಮನೆಯ ಒಲೆಯ ಮೇಲೆ ಕಟ್ಟಿದ ಹಗ್ಗದ ಹತ್ತಿರ, ಅದರ ಮೇಲೆ ಬಟ್ಟೆ ಹರವಿ ರಾತ್ರಿ ಎದ್ದೆದ್ದು ತಿರುವಿಹಾಕುವ ಅಮ್ಮನ ಹತ್ತಿರ. ಅಲ್ಲಿ ಒಣಗಿದ್ದಕ್ಕೆ ಹೊಗೆ ವಾಸನೆ ಹತ್ತಿರುತ್ತೆ, ಮಗು ಅದನ್ನೂ ಒಲ್ಲೆ ಅನ್ನಬಹುದು. ಸಿಕ್ಕಾಗ ಒಂದೇ ತರಹದ್ದು ಮೂರು ಕೊಂಡಿಡಿ ಅನ್ನೋದು ಎಲ್ಲರೂ ಕೊಡುವ ಸಲಹೆ, ಒಳ್ಳೆಯ ಸಲಹೆಯೇ. ಜೊತೆಗೆ ಒಂದು ಸೈಜು ದೊಡ್ಡದೂ ಇರಲಿ, ಮಗು ಬೆಳೆಯುತ್ತೆ, ಟೀಶರ್ಟ್ ಬೆಳೆಯೋದಿಲ್ಲ. ಆದರೆ ಮೂರು ಕೊಳ್ಳೋಕೆ ದುಡ್ಡು ಬೇಕು. ನಸುಕಿಗೆ ಮೀನು ಮಾರೋಕೆ ಹೊರಡುವ ತಾಯಿ ಮಗುವನ್ನ ಅಜ್ಜಿ ಕೈಯಲ್ಲಿ ಬಿಟ್ಟು ಹೋಗಬೇಕು, ಅಜ್ಜಿಗೆ ಈ ಎರಡು ಬಟ್ಟೆಯ ಆಟ ಎಲ್ಲ ತಲೆಹರಟೆ. ಮಗುವಿನ ಆಯ್ಕೆ ಅಂದಾಗ ಅದರ ಕೂಲಿ ಯಾರು ಕೊಡುತ್ತಿದ್ದಾರೆ ಅನ್ನೋದನ್ನೂ ಬರೆದಿಡಬೇಕು. ಬ್ರೂನೋ ಬೆಟಲ್‌ಹೈಮ್ 1967ರ ತನ್ನ ಪುಸ್ತಕದಲ್ಲಿ ಆಟಿಸಂಗೆ ತಾಯಂದಿರ ತಣ್ಣನೆಯ ಮನಸ್ಸೇ ಕಾರಣ ಅಂದಿದ್ದ. ವಿಜ್ಞಾನ ಅದನ್ನ ಎಂದೋ ತಿರಸ್ಕರಿಸಿದೆ. ಊರು ಇನ್ನೂ ತಿರಸ್ಕರಿಸಿಲ್ಲ. ಮದುವೆಮನೆಯಲ್ಲಿ ಹರಕು ಟೀಶರ್ಟಿನ ಮಗು ಕಂಡರೆ ಜನ ನೋಡೋದು ಅಮ್ಮನ ಮುಖವನ್ನೇ.

ನಮ್ಮ ಕಡೆ ಒಂದು ಅನುಕೂಲವೂ ಇದೆ. ಅಣ್ಣಂದಿರ, ಅಕ್ಕಂದಿರ ಹಳೆ ಬಟ್ಟೆ ತಮ್ಮ ತಂಗಿಯರಿಗೆ ಬರುವ ಪದ್ಧತಿ. ನೂರು ಸಲ ಒಗೆದು ಮೆತ್ತಗಾದ ಹತ್ತಿಯಷ್ಟು ಹಿತವಾದ ಬಟ್ಟೆ ಯಾವ ಮಾಲ್‌ನಲ್ಲೂ ಸಿಗೋದಿಲ್ಲ. ಹೊಸದನ್ನ ತಂದರೂ ಗಂಜಿ ಹೋಗುವವರೆಗೆ ನಾಲ್ಕೈದು ಸಲ ಒಗೆದೇ ಕೊಡಿ. ಲೇಬಲ್ಲನ್ನ ಕತ್ತರಿಯಲ್ಲಿ ಕತ್ತರಿಸಿದರೆ ಉಳಿದ ಚೂರು ಇನ್ನೂ ಜೋರಾಗಿ ಚುಚ್ಚುತ್ತೆ, ಹೊಲಿಗೆ ಬಿಚ್ಚಿಯೇ ತೆಗೀಬೇಕು. ಒಳಗಿನ ಹೊಲಿಗೆ ತಾಗುತ್ತೆ ಅಂದರೆ ಬನಿಯನ್ ಉಲ್ಟಾ ಹಾಕಿಕೊಂಡರೆ ಆಕಾಶ ಬೀಳೋದಿಲ್ಲ. ಕಾಲುಚೀಲಕ್ಕೂ ಅದೇ ಮಾತು. ಕಪಾಟಿನ ನುಸಿಗುಳಿಗೆಯ ವಾಸನೆಯೂ ಒಂದು ಕಾರಣ ಇರಬಹುದು, ನೋಡಿ. ಅಮೆರಿಕದಲ್ಲಿ ಟಾರ್ಗೆಟ್ ಎಂಬ ಅಂಗಡಿ ಸರಣಿ 2017ರಲ್ಲಿ ಲೇಬಲ್ ಇಲ್ಲದ, ಹೊಲಿಗೆ ಚಪ್ಪಟೆಯಾಗಿರುವ ಮಕ್ಕಳ ಬಟ್ಟೆ ಮಾರೋಕೆ ಶುರುಮಾಡಿತು. ಕಾರವಾರದಲ್ಲಿ ಅದಕ್ಕೆ ಕಾಯೋದು ಬೇಡ, ಟೇಲರ್ ಇದ್ದಾರೆ. ಕಾಲರ್ ಬೇಡ, ಸೊಂಟಕ್ಕೆ ಬಿಗಿ ಇಲಾಸ್ಟಿಕ್ ಬೇಡ, ಹೊಲಿಗೆಯ ಅಂಚು ಹೊರಗೆ ಬರಲಿ ಅಂದರೆ ಹೊಲಿದುಕೊಡುತ್ತಾರೆ. ಭಾನುವಾರದ ಸಂತೆಯ ಗದ್ದಲಕ್ಕೆ ಮಗುವನ್ನ ಕರೆದುಕೊಂಡು ಹೋಗಿ 'ಆರಿಸು' ಅನ್ನೋದಕ್ಕಿಂತ ನಾಲ್ಕು ತುಂಡು ಬಟ್ಟೆ ಮನೆಗೆ ತಂದು ಅದರ ಕೆನ್ನೆಗೆ ಮುಟ್ಟಿಸಿ ಕೇಳೋದು ವಾಸಿ.

ಹುಡುಗ ಅಕ್ಕನ ಫ್ರಾಕೇ ಬೇಕು ಅಂದರೆ? ಸೊಂಟಕ್ಕೆ ಬಿಗಿಯೋದಿಲ್ಲ ಅನ್ನೋದೇ ಕಾರಣ ಇರಬಹುದು. ಬಣ್ಣ ಇರಬಹುದು. ಬೇರೇನೋ ಇರಬಹುದು. ನಾಲ್ಕನೇ ವಯಸ್ಸಿಗೆ ಅದರ ಮೇಲೆ ತೀರ್ಪು ಬರೆಯುವ ಅವಸರ ಯಾರಿಗೂ ಬೇಡ.

ಎಲ್ಲಿ ಬಿಡಬಾರದು

ಎಲ್ಲವನ್ನೂ ಮಗುವೇ ತೀರ್ಮಾನಿಸಲಿ ಅಂತ ನಾನು ಹೇಳುತ್ತಿಲ್ಲ. ಚಳಿ, ಸೆಕೆ, ನೋವು ಕಡಿಮೆ ಗೊತ್ತಾಗುವ ಮಕ್ಕಳೂ ಇದ್ದಾರೆ. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ತೆಗೆಯೋದಿಲ್ಲ ಅನ್ನುವ ಮಗುವಿಗೆ ಮೈ ಕಾದದ್ದು ತಿಳಿಯದೇ ಇರಬಹುದು, ಅಲ್ಲಿ ದೊಡ್ಡವರು ಮಧ್ಯೆ ಬರಲೇಬೇಕು. ಮಳೆಯಲ್ಲಿ ರೇನ್‌ಕೋಟ್ ಬೇಕೋ ಬೇಡವೋ ಅನ್ನೋದು ಪ್ರಶ್ನೆ ಅಲ್ಲ, ರೇನ್‌ಕೋಟಾ ಕೊಡೆಯಾ ಅನ್ನೋದು ಪ್ರಶ್ನೆ. ಪ್ಲಾಸ್ಟಿಕ್ ಮೈಗಂಟುವುದು ಆಗದವರಿಗೆ ಕೊಡೆ ಆಗಬಹುದು. ಬಟ್ಟೆಯನ್ನೇ ಬೇಡ ಅಂತ ಬಿಚ್ಚಿ ರಸ್ತೆಗೆ ಓಡುವ ಮಕ್ಕಳ ವಿಷಯದಲ್ಲಿ ಮನೆಯವರಿಗೆ ಸಹಾಯ ಬೇಕು, ಉಪದೇಶ ಅಲ್ಲ. ಯಾವ ಜಾಗದಲ್ಲಿ ಬಿಚ್ಚಬಹುದು, ಯಾವ ಜಾಗದಲ್ಲಿ ಇಲ್ಲ ಅನ್ನೋದನ್ನ ಚಿತ್ರ ತೋರಿಸಿ ಕಲಿಸಬೇಕು. ಅದು ನಿಧಾನದ ಕೆಲಸ.

ಆದರೆ ಬಲವಂತದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ದಿನಾ ಬೆಳಗ್ಗೆ ಇಬ್ಬರು ಹಿಡಿದು ಬಟ್ಟೆ ತೊಡಿಸುವ ಮಗು ಕಲಿಯೋದು ಏನು? ನನ್ನ ಮೈಯನ್ನ ದೊಡ್ಡವರು ಯಾವಾಗ ಬೇಕಾದರೂ ಹಿಡಿಯಬಹುದು, ಬೇಡ ಅಂದರೆ ಕೇಳುವವರಿಲ್ಲ, ಕಿರುಚಿದರೆ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ. ಅಂಗವೈಕಲ್ಯ ಇರುವ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಅಪಾಯ ಉಳಿದ ಮಕ್ಕಳಿಗಿಂತ ಹೆಚ್ಚು ಅನ್ನೋದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಶಾಲೆಗೆ ಬಂದು ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಅಂತ ಪಾಠ ಮಾಡುತ್ತೇವೆ, 'ಬೇಡ ಅಂತ ಜೋರಾಗಿ ಹೇಳು' ಅಂತ ಹೇಳಿಕೊಡುತ್ತೇವೆ. ಐದು ವರ್ಷ ಪ್ರತಿ ಬೆಳಗ್ಗೆ ಜೋರಾಗಿ ಬೇಡ ಅಂದು ಸೋತ ಮಗು ಆ ಪಾಠವನ್ನ ಯಾಕೆ ನಂಬಬೇಕು? ನನ್ನ ಪ್ರಕಾರ ಇಡೀ ವಿಷಯದ ಗಂಟು ಇರೋದು ಇಲ್ಲೇ. ಅಂಗಿಯ ಬಣ್ಣ ಯಾವುದಾದರೂ ಆಗಲಿ, ಅದರ 'ಬೇಡ'ಕ್ಕೆ ಬೆಲೆ ಇದೆ ಅನ್ನೋದು ಮಗುವಿಗೆ ಮೊದಲು ತಿಳಿಯೋದು ಬಟ್ಟೆಯಲ್ಲಿ ಮತ್ತು ಊಟದಲ್ಲಿ.

ಕಾನೂನು ಎಲ್ಲಿ ನಿಂತಿದೆ

1995ರ ಅಂಗವಿಕಲರ ಕಾಯ್ದೆ ಏಳು ಬಗೆ ಗುರುತಿಸಿತ್ತು, ಆಟಿಸಂ ಹೆಸರು ಅದರಲ್ಲಿ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಹೆಸರು ಬಂತು. ಪೂರ್ಣ ಹಕ್ಕುಗಳ ಸಮೇತ ಬಂದದ್ದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ, ಅದು 21 ಬಗೆಗಳನ್ನ ಗುರುತಿಸುತ್ತೆ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಭಾರತ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನ 2007ರಲ್ಲಿ ಅನುಮೋದಿಸಿತ್ತು, ಅದಕ್ಕೆ ತಕ್ಕ ಕಾಯ್ದೆ ಬರೋಕೆ ಒಂಬತ್ತು ವರ್ಷ.

ಈ ಕಾಯ್ದೆಯ ಕಲಂ 4(2) ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು, ಆದರೂ ಅಷ್ಟಾಗಿ ಯಾರೂ ಎತ್ತಿ ಹೇಳೋದಿಲ್ಲ. ಅಂಗವೈಕಲ್ಯ ಇರುವ ಪ್ರತಿ ಮಗುವಿಗೂ ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ತನ್ನ ಅಭಿಪ್ರಾಯವನ್ನ ಉಳಿದವರಿಗೆ ಸಮನಾಗಿ, ಮುಕ್ತವಾಗಿ ಹೇಳುವ ಹಕ್ಕಿದೆ. ಅದಕ್ಕೆ ಬೇಕಾದ ನೆರವನ್ನ ಮಗುವಿನ ವಯಸ್ಸು, ವೈಕಲ್ಯ ನೋಡಿ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳು ಒದಗಿಸಬೇಕು. 'ಎಲ್ಲ ವಿಷಯಗಳಲ್ಲಿ' ಅಂದಿದೆ. ಮೈಮೇಲಿನ ಬಟ್ಟೆಗಿಂತ ಹತ್ತಿರದ ವಿಷಯ ಮಗುವಿಗೆ ಯಾವುದಿದೆ?

ಎರಡನೆಯದು 'ಸಮಂಜಸ ಹೊಂದಾಣಿಕೆ'. ಕಲಂ 2(ವೈ) ಇದನ್ನ ವಿವರಿಸುತ್ತೆ: ಅತಿಯಾದ ಹೊರೆ ಆಗದ ಹಾಗೆ, ಆ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡೋದು. ಹಾಗೆ ಮಾಡಿಕೊಡದೇ ಇರೋದನ್ನೂ ಕಾಯ್ದೆ ತಾರತಮ್ಯದ ವ್ಯಾಖ್ಯೆಯೊಳಗೆ ಸೇರಿಸಿದೆ. ಕಲಂ 16 ಇದನ್ನ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳ ಮೇಲೆ ಕರ್ತವ್ಯವಾಗಿ ಹೇರುತ್ತೆ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಅದು ಬರೆಯುವ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಬರಹಗಾರನ ನೆರವು ಕೇಳಿದ ಪ್ರಕರಣ, ಸುಪ್ರೀಂ ಕೋರ್ಟ್ ಸಮಂಜಸ ಹೊಂದಾಣಿಕೆ ಸಮಾನತೆಯ ಭಾಗವೇ ಅಂತ ಹೇಳಿತು. ಅದು ಒಬ್ಬೊಬ್ಬರ ಅಗತ್ಯ ನೋಡಿ ಕೊಡಬೇಕಾದದ್ದು, ದಯೆಯಿಂದ ಕೊಡುವ ರಿಯಾಯಿತಿ ಅಲ್ಲ.

ಯೂನಿಫಾರ್ಮ್ ಅಂದರೆ ಯಾವ ಸಮಾನತೆ?

ಕರ್ನಾಟಕದಲ್ಲಿ ಯೂನಿಫಾರ್ಮ್ ಅಂದಕೂಡಲೇ 2022 ನೆನಪಾಗುತ್ತೆ. ಉಡುಪಿಯಲ್ಲಿ ಶುರುವಾದ ಹಿಜಾಬ್ ವಿವಾದ, ಶಿಕ್ಷಣ ಕಾಯ್ದೆಯ ಕಲಂ 133(2)ರ ಅಡಿ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ದಾರಿ. ಹೇಮಂತ್ ಗುಪ್ತಾ ಆದೇಶ ಎತ್ತಿಹಿಡಿದರು, ಸುಧಾಂಶು ಧುಲಿಯಾ ಇದು ಕೊನೆಗೂ ಆಯ್ಕೆಯ ಪ್ರಶ್ನೆ ಅಂದರು. ಆಗ ಟಿವಿಯಲ್ಲಿ ಕೇಳಿದ ವಾದ ನಿಮಗೂ ನೆನಪಿರಬಹುದು: ಎಲ್ಲರೂ ಒಂದೇ ತರಹ ಕಂಡರೆ ಎಲ್ಲರೂ ಸಮಾನರು.

ಆಟಿಸಂ ಇರುವ ಮಗುವಿನ ಪ್ರಶ್ನೆ ಧರ್ಮದ್ದಲ್ಲ, ಆತ್ಮಸಾಕ್ಷಿಯದ್ದೂ ಅಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ. ಆದರೆ ಆ ವಾದದ ಪೊಳ್ಳು ಇಲ್ಲಿ ಬೆತ್ತಲಾಗುತ್ತೆ. ಒಂದೇ ಟೆರಿಕಾಟ್ ಅಂಗಿ ನಲವತ್ತು ಮಕ್ಕಳ ಮೈಮೇಲೆ ಒಂದೇ ತರಹ ಕಾಣುತ್ತೆ, ಒಂದೇ ತರಹ ಅನುಭವ ಆಗೋದಿಲ್ಲ. ಮೂವತ್ತೊಂಬತ್ತು ಜನ ಲೆಕ್ಕ ಮಾಡುತ್ತಿರುವಾಗ ಒಬ್ಬ ತನ್ನ ಕುತ್ತಿಗೆಯ ಜೊತೆ ಹೋರಾಡುತ್ತಿದ್ದರೆ ಅವನಿಗೆ ಸಿಕ್ಕ ಪಾಠ ಸಮಾನ ಹೇಗಾಯಿತು? ಹೊರಗಿನವರ ಕಣ್ಣಿಗೆ ಕಾಣುವ ಸಮಾನತೆಯನ್ನ ಮಗುವಿನ ಮೈಯಿಂದ ವಸೂಲಿ ಮಾಡುತ್ತಿದ್ದೇವೆ.

ಬಡವ ಶ್ರೀಮಂತ ಬೇಧ ಕಾಣದಿರಲಿ ಅನ್ನುವ ಕಾರಣವನ್ನ ನಾನು ಗೌರವಿಸುತ್ತೇನೆ. ಸರ್ಕಾರಿ ಶಾಲೆಯ ಉಚಿತ ಸಮವಸ್ತ್ರ ಎಷ್ಟೋ ಮನೆಗಳಿಗೆ ವರ್ಷದ ಹೊಸಬಟ್ಟೆ. ಅದನ್ನ ತೆಗೆಯಿರಿ ಅನ್ನೋದು ಈ ಬರಹದ ವಾದ ಅಲ್ಲ. ಬಣ್ಣ ಅದೇ ಇರಲಿ, ಬಟ್ಟೆ ಹತ್ತಿಯದ್ದಾಗಲಿ. ಕಾಲರ್ ಅಂಗಿಯ ಬದಲು ಅದೇ ಬಣ್ಣದ ದುಂಡುಕತ್ತಿನ ಟೀಶರ್ಟ್. ಶೂ ಬದಲು ಚಪ್ಪಲಿ. ಟೈ, ಬೆಲ್ಟ್ ಬೇಡ. ಇದಕ್ಕೆ ಶಾಲೆಗೆ ಆಗುವ ಖರ್ಚು ಸೊನ್ನೆ, ಅಂದರೆ 'ಅತಿಯಾದ ಹೊರೆ' ಅನ್ನುವ ನೆಪ ನಿಲ್ಲೋದಿಲ್ಲ. ಬರ್ತ್‌ಡೇ ದಿನ ಬಣ್ಣದ ಬಟ್ಟೆ ಹಾಕಿಕೊಂಡು ಬಂದು ಚಾಕೊಲೇಟ್ ಹಂಚೋಕೆ ಬಿಡುವ ಶಾಲೆಗಳು ಎಷ್ಟಿಲ್ಲ? ಕೇಕಿಗೆ ಬಾಗುವ ನಿಯಮ ಚರ್ಮಕ್ಕೂ ಬಾಗಬಹುದು.

ಬಟ್ಟೆಯ ರಾಜಕೀಯ ಈ ತಾಲೂಕಿಗೆ ಹೊಸದೂ ಅಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ 'ಕರ್ನಾಟಕದ ಬಾರ್ಡೋಲಿ' ಅನ್ನಿಸಿಕೊಂಡ ಅಂಕೋಲೆಗೆ ಖಾದಿ ಅಂದರೆ ಏನು ಅಂತ ಗೊತ್ತಿತ್ತು. ಹೊನ್ನಳ್ಳಿಯ ತುಳಸಿ ಗೌಡ 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳೋಕೆ ಹೋಗಿದ್ದು ಹಾಲಕ್ಕಿ ಹೆಂಗಸರು ಉಡುವ ರೀತಿಯಲ್ಲೇ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿಕೊಂಡು, ಬರಿಗಾಲಲ್ಲಿ. ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಎಲ್ಲಿಗೆ ಹೋದರೂ ಅದೇ ಉಡುಪು. ಇಬ್ಬರೂ ಈಗಿಲ್ಲ. ಇಡೀ ದೇಶ ತುಳಸಕ್ಕನ ಆ ಫೋಟೋ ಹಂಚಿಕೊಂಡಿತು. 'ಇಲ್ಲಿಗೆ ಚಪ್ಪಲಿ ಹಾಕಿಕೊಂಡು ಬರಬೇಕು, ಕುಪ್ಪಸ ತೊಟ್ಟು ಬರಬೇಕು' ಅಂತ ದರ್ಬಾರ್ ಹಾಲ್‌ನಲ್ಲಿ ಯಾರೂ ತಡೆಯಲಿಲ್ಲ. ಎಪ್ಪತ್ತು ದಾಟಿದ ಅಜ್ಜಿಯ ಮೈಗೆ ಯಾವುದು ಹಿತ ಅನ್ನೋದು ಅವರಿಗೇ ಗೊತ್ತು ಅಂತ ಒಪ್ಪಿದ ದೇಶ, ಐದು ವರ್ಷದ ಮಗುವಿನ ವಿಷಯದಲ್ಲಿ ಯಾಕೆ ಒಪ್ಪೋದಿಲ್ಲ?

ಜಿಲ್ಲೆಯಲ್ಲಿ ಏನು ಸಿಗುತ್ತೆ, ಏನು ಕೇಳಬೇಕು

ಉತ್ತರ ಕನ್ನಡದಲ್ಲಿ ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿ, ಮಂಗಳೂರು, ಗೋವಾ. ಕಾರವಾರದಿಂದ ಹುಬ್ಬಳ್ಳಿ 160 ಕಿಲೋಮೀಟರಿಗೂ ಹೆಚ್ಚು, ಮಂಗಳೂರು 260ಕ್ಕೂ ಹೆಚ್ಚು. 'ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ' ಅಂತ 2022ರಲ್ಲಿ ಇಲ್ಲಿನ ಯುವಕರು ಹ್ಯಾಶ್‌ಟ್ಯಾಗ್ ಓಡಿಸಿದ್ದು ಸುಮ್ಮನೆ ಅಲ್ಲ. ಆದರೆ ಆ ಬೇಡಿಕೆಯಲ್ಲಿ ಅಪಘಾತ ಇತ್ತು, ಹೃದಯ ಇತ್ತು, ಮಕ್ಕಳ ಥೆರಪಿ ಮುಂದೆ ಬರಲಿಲ್ಲ. ಮುಂದಿನ ಸಲ ಬೋರ್ಡ್ ಬರೆಯುವವರು ಆಕ್ಯುಪೇಷನಲ್ ಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್ ಅನ್ನುವ ಎರಡು ಪದ ಸೇರಿಸಬಹುದು.

ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುತ್ತೆ. ಬಂದಾಗ ಮಾತು ತಡ ಅನ್ನೋದರ ಜೊತೆ ಬಟ್ಟೆ, ಶಬ್ದ, ಊಟದ ತೊಂದರೆಯನ್ನೂ ಹೇಳಿ. ಕೇಳದಿದ್ದರೂ ಹೇಳಿ. ಮುಂದಿನ ಹಂತದ ಪರೀಕ್ಷೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸಬೇಕು ಅನ್ನೋದು ಕಾರ್ಯಕ್ರಮದ ವಿನ್ಯಾಸ. ಇನ್ನೂ ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ, ಎರಡೂ ದೂರ. ಯುಡಿಐಡಿ ಕಾರ್ಡ್ ಮಾಡಿಸಿಕೊಂಡರೆ ಮುಂದಿನ ಅರ್ಜಿಗಳಿಗೆಲ್ಲ ಅನುಕೂಲ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಅದರಲ್ಲಿ ಥೆರಪಿಯ ಖರ್ಚೂ ಬರುತ್ತೆ. ಸರ್ಕಾರಿ ಶಾಲೆಯಾದರೆ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅಂತ ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ, ಬಿಇಒ ಕಚೇರಿಯಲ್ಲಿ ಕೇಳಿದರೆ ಹೆಸರು ಸಿಗುತ್ತೆ. ಹೆಡ್‌ಮಾಸ್ತರರ ಹತ್ತಿರ ಮಾತಾಡೋಕೆ ಅವರನ್ನ ಜೊತೆಗೆ ಕರೆದುಕೊಂಡು ಹೋಗೋದು ಒಳ್ಳೆಯದು.

ಶಾಲೆಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಒಂದು ಪುಟದ ಅರ್ಜಿ ಸಾಕು. ಮಗುವಿನ ಹೆಸರು, ತರಗತಿ, ಆಟಿಸಂ ಇದೆ ಅನ್ನುವ ವೈದ್ಯರ ಚೀಟಿ ಅಥವಾ ಯುಡಿಐಡಿ ಪ್ರತಿ. ಯಾವ ಬಟ್ಟೆ ಆಗೋದಿಲ್ಲ, ಆಗದಿದ್ದರೆ ಏನಾಗುತ್ತೆ ಅಂತ ಎರಡು ಸಾಲು. ಬದಲಿಗೆ ಏನು ಹಾಕಿಸುತ್ತೀರಿ, ಬಣ್ಣ ಅದೇ ಇರುತ್ತೆ ಅನ್ನೋದನ್ನ ಸ್ಪಷ್ಟವಾಗಿ ಬರೆಯಿರಿ, ಆ ಬಟ್ಟೆಯ ಫೋಟೋ ಅಂಟಿಸಿ. ಕೆಳಗೆ 2016ರ ಕಾಯ್ದೆಯ ಕಲಂ 2(ವೈ), 4(2), 16 ಅಂತ ನಮೂದಿಸಿ. ಮಗುವನ್ನ ಅಸೆಂಬ್ಲಿಯಲ್ಲಿ ಎಲ್ಲರೆದುರು ಪ್ರಶ್ನಿಸಬಾರದು ಅನ್ನೋದನ್ನೂ ಸೇರಿಸಿ. ಬಟ್ಟೆ ಬದಲಾದರೂ 'ನೀನ್ಯಾಕೆ ಹೀಗೆ ಬಂದಿದ್ದೀಯ' ಅಂತ ದಿನಾ ಕೇಳಿದರೆ ಉಪಯೋಗ ಇಲ್ಲ. ಒಪ್ಪದಿದ್ದರೆ ಕಾರಣವನ್ನ ಬರಹದಲ್ಲಿ ಕೇಳಿ. ಅದನ್ನ ಹಿಡಿದುಕೊಂಡು ಬಿಇಒ, ಆಮೇಲೆ ಉಪನಿರ್ದೇಶಕರ ಕಚೇರಿ (ಕಾರವಾರ, ಅಂಕೋಲಾ ಎರಡೂ ಕಾರವಾರ ಶೈಕ್ಷಣಿಕ ಜಿಲ್ಲೆಗೆ ಬರುತ್ತವೆ), ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರು. ಆಯುಕ್ತರಿಗೆ ಸಾಕ್ಷಿಗಳನ್ನ ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಅಲ್ಲಿಯವರೆಗೆ ಹೋಗಬೇಕಾದ ಪ್ರಸಂಗ ಕಡಿಮೆ, ಎಷ್ಟೋ ಕಡೆ ಕಲಂ ನಂಬರ್ ಕಂಡರೇ ಮಾತಿನ ಧಾಟಿ ಬದಲಾಗುತ್ತೆ. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಗೆ ತಾರೀಖಿನ ಸಮೇತ ಸೀಲು ಹಾಕಿಸಿಕೊಂಡು ಬನ್ನಿ. ಮಳೆಗಾಲ, ಪ್ಲಾಸ್ಟಿಕ್ ಕವರಿನಲ್ಲಿಡಿ.